ಕ್ರಾಸಿನಿಂದಾಚೆ

ವಿಜಯಪುರ ಜಿಲ್ಲೆಯ ಬಹುಪಾಲು ಹಳ್ಳಿಗಳಿಗೆ ಎರಡು ವಿಳಾಸ. ಒಂದು ಊರು, ಇನ್ನೊಂದು ಆ ಊರಿನ ಕ್ರಾಸ್. ಊರು ಎರಿ ಹೊಲಗಳ ನಡುವೆ ಎಲ್ಲೋ ಒಳಗಿರುತ್ತದೆ. ಕ್ರಾಸ್ ಡಾಂಬರು ರಸ್ತೆಯ ಮೇಲಿರುತ್ತದೆ. ಒಂದು ಬೇವಿನ ಗಿಡ, ತಗಡಿನ ಚಪ್ಪರದ ಚಹಾ ಹೋಟೆಲು, ಗುಟಖಾ ಚೀಟಿಗಳನ್ನು ಸಾಲಾಗಿ ಇಳಿಬಿಟ್ಟ ಪಾನ್ ಅಂಗಡಿ, ಯಾರದೋ ಅನುದಾನದ ಹೆಸರು ಬರೆಸಿಕೊಂಡ ಬಸ್ ತಂಗುದಾಣ. ಬಸ್ಸು ನಮ್ಮನ್ನು ಅಲ್ಲಿ ಇಳಿಸಿ ಧೂಳೆಬ್ಬಿಸಿಕೊಂಡು ಹೋಗಿಬಿಡುತ್ತದೆ. ಅಲ್ಲಿಂದ ಊರಿಗೆ ಮೂರು ಕಿಲೋಮೀಟರ್, ಐದು, ಕೆಲವು ಕಡೆ ಎಂಟು. ಈ ದಾರಿಗೆ ವೇಳಾಪಟ್ಟಿ ಇಲ್ಲ. ಟಂಟಂ ಬಂದರೆ ಬಂತು, ಪರಿಚಯದವರ ಬೈಕ್ ಸಿಕ್ಕರೆ ಪುಣ್ಯ, ಎರಡೂ ಇಲ್ಲದಿದ್ದರೆ ಕಾಲಂತೂ ಇದ್ದೇ ಇವೆ.

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಸೀಮೆಗಳಲ್ಲಿ ನಾನು ತಿರುಗಿದ್ದು ಹೆಚ್ಚಾಗಿ ಇಂಥ ದಾರಿಗಳಲ್ಲೇ. ಕ್ರಾಸಿನ ತನಕ ಬಸ್ಸು, ಕ್ರಾಸಿನಿಂದಾಚೆ ಸೈಕಲ್. ಆಡಳಿತದ ಲೆಕ್ಕದಲ್ಲಿ ಈಗ ಈ ನಾಲ್ಕು ತಾಲ್ಲೂಕು ಒಡೆದು ಚಡಚಣ, ಆಲಮೇಲ, ದೇವರ ಹಿಪ್ಪರಗಿ, ತಾಳಿಕೋಟೆ, ನಿಡಗುಂದಿ, ಕೊಲ್ಹಾರ ಎಂದೆಲ್ಲ ಹೊಸ ತಾಲ್ಲೂಕುಗಳಾಗಿವೆ. ಆದರೆ ಜನರ ಬಾಯಲ್ಲಿ ಇನ್ನೂ ಹಳೆಯ ನಾಲ್ಕೇ ಓಡಾಡುತ್ತವೆ. ನನ್ನ ನಕಾಶೆಯೂ ಅದೇ.

ವಿಜಯಪುರದಲ್ಲಿ ನಿಂತು ನೋಡಿದರೆ ಇಂಡಿ ಈಶಾನ್ಯಕ್ಕೆ, ಸಿಂದಗಿ ಮೂಡಣಕ್ಕೆ, ಬಾಗೇವಾಡಿ, ಮುದ್ದೇಬಿಹಾಳ ಆಗ್ನೇಯದ ಕಡೆಗೆ. ಯಾವುದೂ ನಲವತ್ತು ಕಿಲೋಮೀಟರಿಗೆ ಕಡಿಮೆಯಿಲ್ಲ. ಇಷ್ಟು ದೂರ ಸೈಕಲ್ಲಿನಲ್ಲೇ ಹೊಡೆಯುವವರೂ ಇಲ್ಲಿದ್ದಾರೆ. ವಿಜಯಪುರ, ಬಾಗಲಕೋಟೆ ಕಡೆಯ ಹುಡುಗ ಹುಡುಗಿಯರು ರಾಷ್ಟ್ರೀಯ ಸೈಕ್ಲಿಂಗ್ ಸ್ಪರ್ಧೆಗಳಲ್ಲಿ ಪದಕ ತರುವುದು ಹೊಸ ಸುದ್ದಿಯೇನಲ್ಲ; ವಿಜಯಪುರದಲ್ಲಿ ಅವರಿಗೆಂದೇ ಕ್ರೀಡಾ ವಸತಿ ನಿಲಯವಿದೆ. ಬೆಳಗಿನ ಜಾವ ಹೆದ್ದಾರಿಯ ಅಂಚಿನಲ್ಲಿ ಬೆನ್ನು ಬಾಗಿಸಿಕೊಂಡು ಸಾಲಾಗಿ ಹೋಗುವ ಆ ಮಕ್ಕಳನ್ನು ನೋಡಿ ಖುಷಿಪಡುತ್ತೇನೆ. ಆದರೆ ನನ್ನದು ಆ ಜಾತಿಯಲ್ಲ. ಸಿಂದಗಿಯ ಮೇಲೆ ಹಾದು, ವಿಜಯಪುರ ಸವರಿ, ಮನಗೂಳಿ, ನಿಡಗುಂದಿ ದಾಟುವ 50ನೇ ರಾಷ್ಟ್ರೀಯ ಹೆದ್ದಾರಿಯಲ್ಲಿ ಲಾರಿಗಳ ಗಾಳಿಗೇ ಸೈಕಲ್ ಓಲಾಡುತ್ತದೆ. ಚಳಿಗಾಲದಲ್ಲಿ ಅದಕ್ಕೆ ಕಬ್ಬಿನ ಟ್ರ್ಯಾಕ್ಟರುಗಳೂ ಸೇರಿಕೊಳ್ಳುತ್ತವೆ. ಒಂದೊಂದಕ್ಕೂ ಎರಡೆರಡು ಟ್ರೇಲರು, ಮೇಲೆ ಎದೆ ನಡುಗಿಸುವ ಹಾಡು. ಹೆದ್ದಾರಿಯ ದೂರವನ್ನು ಬಸ್ಸಿಗೆ ಬಿಟ್ಟುಕೊಡುವುದರಲ್ಲಿ ನನಗೆ ಯಾವ ಅವಮಾನವೂ ಕಂಡಿಲ್ಲ.

ರೈಲಿನ ನೆರವೂ ಇಲ್ಲಿ ಅಷ್ಟಕ್ಕಷ್ಟೇ. ಗದಗ–ಹೊಟಗಿ ಮಾರ್ಗ ಹತ್ತೊಂಬತ್ತನೇ ಶತಮಾನದಲ್ಲೇ ಬಂದರೂ ಅದು ಊರುಗಳನ್ನು ಕೇಳಿ ಹಾಕಿದ ಹಳಿಯಲ್ಲ. ಇಂಡಿಯ ನಿಲ್ದಾಣವೂ, ಬಾಗೇವಾಡಿಯ ನಿಲ್ದಾಣವೂ ಊರಿನಿಂದ ಬಹು ದೂರದಲ್ಲಿವೆ. ಸಿಂದಗಿ, ಮುದ್ದೇಬಿಹಾಳಗಳಿಗೆ ರೈಲೇ ಇಲ್ಲ. ಹಾಗಾಗಿ ಈ ಸೀಮೆಯ ನರನಾಡಿಯೆಲ್ಲ ಬಸ್ಸೇ. ಜಿಲ್ಲೆ ಸೇರಿರುವುದು ಬೆಳಗಾವಿ ಕಂದಾಯ ವಿಭಾಗಕ್ಕೆ. ಬಸ್ಸುಗಳು ಮಾತ್ರ ಕಲಬುರಗಿಯಲ್ಲಿ ಕೇಂದ್ರ ಕಚೇರಿಯಿರುವ ಕಲ್ಯಾಣ ಕರ್ನಾಟಕ ರಸ್ತೆ ಸಾರಿಗೆ ನಿಗಮದವು.

ಬಸ್ಸಿಗೆ ಸೈಕಲ್ ಹತ್ತಿಸುವುದರಲ್ಲೂ ಒಂದು ಶಿಸ್ತಿದೆ. ಹಿಂದೆ ಏಣಿ, ಟಾಪಿನ ಮೇಲೆ ಕಂಬಿ ಇರುವ ಹಳೆಯ ಗಾಡಿ ಸಿಕ್ಕರೆ ಕೆಲಸ ಸಲೀಸು. ಮೇಲೆ ಒಬ್ಬ, ಕೆಳಗೆ ಒಬ್ಬ. ಕೆಳಗಿನವನು ಹಿಂದಿನ ಗಾಲಿ ಹಿಡಿದು ಎತ್ತಿದರೆ ಮೇಲಿನವನು ಹ್ಯಾಂಡಲ್ಲಿಗೆ ಕೈ ಹಾಕುತ್ತಾನೆ. ಸೈಕಲ್ಲನ್ನು ಚೈನು ಮೇಲೆ ಬರುವಂತೆ ಮಲಗಿಸಬೇಕು. ಹ್ಯಾಂಡಲ್ ತಿರುವಿ, ಮುಂದಿನ ಗಾಲಿಯನ್ನು ಕಂಬಿಗೆ ಸೇರಿಸಿ ಎರಡು ಸುತ್ತು ಬಿಗಿಯಬೇಕು. ಹಗ್ಗ ನಮ್ಮದೇ ಇರಬೇಕು, ಗಂಟು ಮಾತ್ರ ಹಮಾಲರದು. ಅವರು ಹಾಕುವ ಗಂಟು ತಾಳಿಕೋಟೆಯ ತಗ್ಗು ರಸ್ತೆಗೂ ಸಡಿಲವಾಗುವುದಿಲ್ಲ, ಇಳಿಯುವಾಗ ಒಂದೇ ಎಳೆತಕ್ಕೆ ಬಿಚ್ಚಿಕೊಳ್ಳುತ್ತದೆ. ಟಾಪಿನ ಮೇಲೆ ಕಂಬಿಯಿಲ್ಲದ ಹೊಸ ಗಾಡಿಯಾದರೆ ಮುಂದಿನ ಗಾಲಿ ಬಿಚ್ಚಿ, ಪೆಡಲು ಒಳಕ್ಕೆ ತಿರುಗಿಸಿ, ಕೊನೆಯ ಸೀಟಿನ ಮಗ್ಗುಲಿಗೆ ಆನಿಸಬೇಕು. ಜನ ತುಂಬಿದ್ದರೆ ಆ ಬಸ್ಸಿಗೆ ಕೈ ಮುಗಿದು ಮುಂದಿನದಕ್ಕೆ ಕಾಯುವುದು. ಮನುಷ್ಯರು ನಿಂತುಕೊಂಡು ಹೋಗುವಾಗ ಸೈಕಲ್ಲಿಗೆ ಜಾಗ ಕೇಳುವ ಹಕ್ಕು ನನಗಿಲ್ಲ.

ಅಮೆರಿಕದ ಸಿಯಾಟಲ್ ನಗರದಲ್ಲಿ 1990ರ ದಶಕದಲ್ಲೇ ಬಸ್ಸುಗಳ ಮೂತಿಗೆ ಮಡಚುವ ಚೌಕಟ್ಟು ಕೂಡಿಸಿದರು. ಸವಾರ ತಾನೇ ಸೈಕಲ್ ಏರಿಸಿ ಒಳಗೆ ಹೋಗಿ ಕೂರುತ್ತಾನೆ. ಆಮೇಲೆ ಆ ಪದ್ಧತಿ ಅಲ್ಲಿನ ಅನೇಕ ಊರುಗಳಿಗೆ ಹಬ್ಬಿತು. ಬೆಂಗಳೂರಿನಲ್ಲೂ ಬಿಎಂಟಿಸಿ 2021ರಲ್ಲಿ ಕೆಲವು ಬಸ್ಸುಗಳಿಗೆ ಅಂಥದೇ ಚೌಕಟ್ಟು ಹಾಕಿಸಿತು. ನಮ್ಮ ಕಡೆ ಚೌಕಟ್ಟಿಲ್ಲ. ಅದರ ಕೆಲಸವನ್ನು ನಾಲ್ಕು ಜನರ ಕೈ ಮಾಡುತ್ತದೆ. ಸಿಯಾಟಲ್ಲಿನ ಸವಾರ ಯಾರೊಂದಿಗೂ ಮಾತಾಡದೆ ಊರು ಮುಟ್ಟಬಹುದು. ಇಲ್ಲಿ ಕಂಡಕ್ಟರಿಗೆ ನಮಸ್ಕಾರ ಹೇಳದೆ, ಹಮಾಲರಿಗೆ ಚಹಾ ಹೇಳದೆ, ಕೊನೆಯ ಸೀಟಿನ ಅಜ್ಜಿಗೆ ನನ್ನ ಮನೆತನದ ವಿವರ ಒಪ್ಪಿಸದೆ ಸೈಕಲ್ ಒಂದು ಮಾರೂ ಮುಂದೆ ಹೋಗದು.

ಒಮ್ಮೆ ಸಿಂದಗಿ ಬಸ್ಸಿನಲ್ಲಿ ಹಾಗೇ ಆಯಿತು. ಕಂಡಕ್ಟರು ನನ್ನ ಟಿಕೆಟ್ ಹರಿದುಕೊಟ್ಟು ಸೈಕಲ್ಲಿಗೆ ಲಗೇಜು ಚೀಟಿ ಬೇರೆ ಕೊಟ್ಟರು. ಪಕ್ಕದಲ್ಲಿ ಹಸಿ ಮೆಣಸಿನಕಾಯಿ ಚೀಲ ಇಟ್ಟುಕೊಂಡು ಕೂತಿದ್ದ ಆಯಿ ಅದನ್ನೇ ನೋಡುತ್ತಿದ್ದರು.

“ಅಲ್ಲೋ ತಮ್ಮಾ, ನನಗ ಫ್ರೀ, ನಿನ್ನ ಸೈಕಲ್ಲಿಗೆ ರೊಕ್ಕ?”

“ಹೌದಬೇ ಆಯಿ. ಸೈಕಲ್ ಗಂಡಸಂತ.”

ಇಡೀ ಹಿಂಬದಿಯ ಸೀಟು ನಕ್ಕಿತು. ನಗು ಇಳಿದ ಮೇಲೆ ಆಕೆ ನಿಜವಾದ ಪ್ರಶ್ನೆ ಕೇಳಿದರು: “ಸೈಕಲ್ ಇದ್ದಾವ ಬಸ್ ಯಾಕ ಹತ್ತಿದಿ? ಬಸ್ ಇದ್ದ ಮ್ಯಾಲೆ ಸೈಕಲ್ ಯಾಕ ಹೊತ್ತಿ?”

ಕ್ರಾಸಿನಿಂದ ನಿಮ್ಮೂರು ಎಷ್ಟು ದೂರ ಎಂದು ಕೇಳಿದೆ. “ಹರದಾರಿ ಆಕ್ಕೈತಿ” ಅಂದರು. ಅದಕ್ಕೇ ಆಯಿ ಸೈಕಲ್ ಅಂದೆ. ಆಕೆ ಮತ್ತೇನೂ ಕೇಳಲಿಲ್ಲ.

ಇಂಡಿಯಿಂದ ಶುರು ಮಾಡುವೆ. ಇಂಡಿ ಎಂದರೆ ಲಿಂಬೆ. ಭೌಗೋಳಿಕ ಸೂಚಕದ ಮಾನ್ಯತೆ ಪಡೆದ ತೆಳುತೊಗಟೆಯ, ರಸ ಜಾಸ್ತಿಯ ಕಾಯಿ. ಬಸ್ ನಿಲ್ದಾಣದಿಂದ ಹೊರಬಿದ್ದು ಸ್ವಲ್ಪ ದೂರ ಪೆಡಲು ತುಳಿದರೆ ಬಾವಿ ನೀರಿನ ತೋಟಗಳು ಸಿಗುತ್ತವೆ. ಬಸ್ಸಿನ ಕಿಟಕಿಯಿಂದ ಅವು ಒಂದು ಹಸಿರು ಪಟ್ಟಿ ಅಷ್ಟೇ; ಸೈಕಲ್ಲಿನ ಮೇಲಿಂದಾದರೆ ಮೊದಲು ಹೂವಿನ ವಾಸನೆ ಬರುತ್ತದೆ, ಗಿಡ ಆಮೇಲೆ ಕಾಣುತ್ತದೆ.

ಇಂಡಿಯಿಂದ ಸಾಲೋಟಗಿ ಸೈಕಲ್ಲಿಗೆ ಹದವಾದ ದೂರ. ಇಂದು ಜನ ಹೋಗುವುದು ಶಿವಯೋಗೀಶ್ವರರ ಗದ್ದುಗೆಗೆ. ನನಗೆ ಆ ಊರು ಮುಖ್ಯವಾಗಿರುವುದು ಅಲ್ಲಿಯ ಕಂಬದ ಶಾಸನದಿಂದ. 945ರ ಆ ಶಾಸನದ ಕಾಲಕ್ಕೆ ಮಾನ್ಯಖೇಟದಲ್ಲಿ ರಾಷ್ಟ್ರಕೂಟರ ಮೂರನೆಯ ಕೃಷ್ಣ ಆಳುತ್ತಿದ್ದ. ಆಗ ಪಾವಿಟ್ಟಗೆ ಎನಿಸಿಕೊಂಡಿದ್ದ ಈ ಊರಿನಲ್ಲಿ ಅವನ ಮಂತ್ರಿ ನಾರಾಯಣ ತ್ರಯೀಪುರುಷರ ಗುಡಿಗೆ ಸೇರಿದಂತೆ ಒಂದು ಶಾಲೆ ಕಟ್ಟಿಸಿದ. ಬೇರೆಬೇರೆ ಜನಪದಗಳಿಂದ ವಿದ್ಯಾರ್ಥಿಗಳು ಬಂದು ಓದುತ್ತಿದ್ದರು. ಅವರು ಉಳಿಯಲು 27 ಮನೆಗಳು. ರಾತ್ರಿಯ ದೀಪದ ಖರ್ಚಿಗೆಂದೇ 12 ನಿವರ್ತನ ಭೂಮಿ. ಅಷ್ಟೇ ಅಲ್ಲ, ಊರಲ್ಲಿ ಮದುವೆಯಾದರೆ ಶಾಲೆಗೆ ಇಷ್ಟು ಎಂದು ಕಾಣಿಕೆ, ಮುಂಜಿಯಾದರೆ ಅದರ ಅರ್ಧ, ಚೌಲವಾದರೆ ಅದರದೂ ಅರ್ಧ.

ಈ ವಿವರ ಓದಿದ ಮೇಲೆ ಆ ದಾರಿಯಲ್ಲಿ ಸೈಕಲ್ ತುಳಿಯುವಾಗ ಒಂದು ಯೋಚನೆ ಬಿಡುವುದಿಲ್ಲ. ಶಾಲೆ ಕಟ್ಟಿದವರಿಗೆ ಮಕ್ಕಳು ದೂರದಿಂದ ಬರುತ್ತಾರೆ ಎಂಬುದು ಗೊತ್ತಿತ್ತು. ಪಾಠ ಹೇಳುವವರನ್ನು ನೇಮಿಸಿ ಸುಮ್ಮನಾಗದೆ ಎಲ್ಲಿ ಮಲಗುತ್ತಾರೆ, ಕತ್ತಲಲ್ಲಿ ಹೇಗೆ ಓದುತ್ತಾರೆ ಎಂಬುದನ್ನೂ ಲೆಕ್ಕಕ್ಕೆ ಹಿಡಿದಿದ್ದರು. ದೂರವೂ ವಿದ್ಯೆಯ ಖರ್ಚಿನಲ್ಲಿ ಸೇರುತ್ತದೆ ಎಂದು ಹತ್ತನೆಯ ಶತಮಾನದ ಒಂದು ಹಳ್ಳಿಗೆ ತಿಳಿದಿತ್ತು.

ಇಂಡಿಯ ಇನ್ನೊಂದು ಮಗ್ಗುಲಿಗೆ, ಚಡಚಣದ ಕಡೆ, ಹಲಸಂಗಿ. ಮಧುರಚೆನ್ನ, ಸಿಂಪಿ ಲಿಂಗಣ್ಣ, ಧೂಲಾಸಾಹೇಬ, ಕಾಪಸೆ ರೇವಪ್ಪ ಇವರೆಲ್ಲ ಗೆಳೆಯರ ಗುಂಪು ಕಟ್ಟಿಕೊಂಡು ಸುತ್ತಲಿನ ಹಳ್ಳಿಗಳ ಹೆಣ್ಣುಮಕ್ಕಳ ಬಾಯಿಂದ ಹಾಡು ಬರೆದುಕೊಂಡ ಊರು ಇದು. ‘ಗರತಿಯ ಹಾಡು’ 1931ರಲ್ಲಿ ಅಚ್ಚಾಯಿತು. ಬೀಸುಕಲ್ಲಿನ ಹಾಡು ಕೇಳಬೇಕಾದರೆ ಬೀಸುವ ಹೊತ್ತಿಗೆ ಆ ಮನೆಯ ಹತ್ತಿರ ಇರಬೇಕು, ಅಂದರೆ ನಸುಕಿನಲ್ಲಿ. ಕ್ರಾಸಿನಲ್ಲಿ ನಿಂತು ಕೇಳಿಸುವಂಥದ್ದಲ್ಲ ಅದು.

ನಸುಕಿನಲ್ಲಿ ದೂರದ ಹಳ್ಳಿಯೊಳಗೆ ಇರುವುದಕ್ಕೆ ನನಗೆ ಸಿಕ್ಕ ಉಪಾಯ ವಸ್ತಿ ಬಸ್. ಸಂಜೆ ತಾಲ್ಲೂಕು ಊರಿನಿಂದ ಹೊರಟು, ದಾರಿಯುದ್ದಕ್ಕೂ ಸಂತೆಯ ಜನರನ್ನು ಇಳಿಸುತ್ತ, ಕೊನೆಯ ಹಳ್ಳಿಯಲ್ಲಿ ರಾತ್ರಿ ತಂಗಿ, ಬೆಳಗ್ಗೆ ಅಲ್ಲಿಂದಲೇ ಹೊರಡುವ ಗಾಡಿ. ಬೆಳಗಿನ ಬಸ್ಸಿನಲ್ಲಿ ಸೈಕಲ್ಲಿಗೆ ಜಾಗ ಸಿಗುವುದು ಕಷ್ಟ: ಹಾಲಿನ ಕ್ಯಾನು, ಕಾಲೇಜು ಹುಡುಗರು, ದವಾಖಾನೆಗೆ ಹೋಗುವವರು. ಸಂಜೆಯ ವಸ್ತಿ ಬಸ್ ಮಾತ್ರ ಹೋಗಹೋಗುತ್ತ ಖಾಲಿಯಾಗುತ್ತದೆ. ಕೊನೆಗೆ ಉಳಿಯುವುದು ಡ್ರೈವರು, ಕಂಡಕ್ಟರು, ಆ ಊರಿನ ಐದಾರು ಮಂದಿ ಮತ್ತು ಟಾಪಿನ ಮೇಲೆ ನನ್ನ ಸೈಕಲ್ಲು.

ಸಿಂದಗಿಯಿಂದ ಭೀಮಾ ನದಿಯ ದಿಕ್ಕಿಗೆ ಹೊರಟ ಇಂಥ ಒಂದು ಗಾಡಿ ಹಣಮಪ್ಪನ ಗುಡಿಯ ಮುಂದೆ ನಿಂತು ಉಸಿರು ಬಿಟ್ಟಿತು. ಕಂಡಕ್ಟರು ಒಳಗಿನ ದೀಪದ ಕೆಳಗೆ ನೋಟು ಎಣಿಸಿ, ಚಿಲ್ಲರೆ ಬೇರೆ ಕಟ್ಟಿ, ಲೆಕ್ಕ ಬರೆದು ಚೀಲವನ್ನು ತಲೆದಿಂಬಿನ ಕೆಳಗೆ ಸೇರಿಸಿದರು. ಡ್ರೈವರು ಲುಂಗಿ ಸುತ್ತಿಕೊಂಡು ಕಟ್ಟೆಗೆ ಬಂದರು. ಅಷ್ಟರಲ್ಲಿ ಒಂದು ಮನೆಯಿಂದ ಬುಟ್ಟಿ ಬಂತು: ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಶೇಂಗಾ ಹಿಂಡಿ, ಬದನೆಕಾಯಿ ಪಲ್ಯ, ಗಡಿಗೆಯಲ್ಲಿ ಮಜ್ಜಿಗೆ. ಇದು ದಿನದ ಪದ್ಧತಿಯಂತೆ. ಸರದಿಯ ಮೇಲೆ ಒಂದೊಂದು ಮನೆಯವರು ಬಸ್ಸಿನವರಿಗೆ ಊಟ ಕಳಿಸುತ್ತಾರೆ.

“ಇವರ ಯಾರ್ರಿ?” ಬುಟ್ಟಿ ತಂದ ಹುಡುಗ ಕೇಳಿದ.

“ಟಾಪಿನ ಮ್ಯಾಲಿನ ಸೈಕಲ್ಲಿನ ಸಾವಕಾರ್ರು. ಇನ್ನ ಎರಡ ರೊಟ್ಟಿ ತಗೊಂಡ ಬಾರಲೇ” ಎಂದರು ಡ್ರೈವರು.

ಗುಡಿಯ ಪೌಳಿಯಲ್ಲಿ ಮಲಗಿದೆ. ಬೆಳಗ್ಗೆ ಬಸ್ಸು ಸಿಂದಗಿಯ ಕಡೆ ಮುಖ ಮಾಡಿದಾಗ ನಾನು ಚಕ್ಕಡಿ ದಾರಿಗೆ ಇಳಿದೆ. ಎಳ್ಳ ಅಮಾವಾಸ್ಯೆ ಕಳೆದ ದಿನಗಳು. ಬಿಳಿಜೋಳ ಹಾಲುಗಟ್ಟಿ ತೆನೆ ಬಾಗಿತ್ತು. ನಡುನಡುವೆ ಕಡಲೆ, ಬದುವಿಗೆ ಕುಸುಬಿ. ಸಾಲಿನ ನಡುವಿನಿಂದ ಕೈ ಮೇಲಕ್ಕೆದ್ದು ಯಾರೋ ಕೂಗಿದರು: “ಬರ್ರಿ, ಸೀತನಿ ತಿನ್ನ ಬರ್ರಿ!”

ಸೀತನಿ ಸುಡುವುದನ್ನು ಕೂತು ನೋಡಬೇಕು. ಕುಳ್ಳಿನ ಕೆಂಡದಲ್ಲಿ ಹಸಿ ತೆನೆಗಳನ್ನು ದಂಟಿನ ಸಮೇತ ಇಟ್ಟು ತಿರುವುತ್ತಾರೆ. ಕಾಳಿನ ಹಾಲು ಒಳಗೇ ಕುದ್ದು ಚಟಚಟ ಎನ್ನತೊಡಗಿದಾಗ ಹೊರಗೆಳೆದು, ಬಿಸಿ ಇರುವಾಗಲೇ ಗೋಣಿತಟ್ಟಿನಲ್ಲಿ ಹಾಕಿ ಎರಡು ಅಂಗೈಯಿಂದ ತಿಕ್ಕುತ್ತಾರೆ. ಹೊಟ್ಟನ್ನು ಊದಿದರೆ ಹಸಿರು ಹಳದಿ ಕಾಳು ಉಳಿಯುತ್ತದೆ. ಬೆಲ್ಲದೊಂದಿಗೆ ಒಂದು ಮುಕ್ಕು, ಹಿಂಡಿಯೊಂದಿಗೆ ಒಂದು ಮುಕ್ಕು. ಹೊಲದ ಯಜಮಾನರು ತಾವು ತಿನ್ನಲಿಲ್ಲ. ನಾನು ತಿನ್ನುವುದನ್ನು ನೋಡಿದರು. ಬಸ್ಸಿನಲ್ಲಿ ಹೋಗುವವರನ್ನು ಯಾರೂ ಸೀತನಿಗೆ ಕರೆಯುವುದಿಲ್ಲ. ಬೈಕಿನವರನ್ನೂ ಕರೆಯುವುದು ಕಡಿಮೆ, ಕೂಗಿದ್ದು ಅವರಿಗೆ ಕೇಳಿಸಬೇಕಲ್ಲ.

ಆ ದಾರಿ ಕೊನೆಗೆ ಕಾಲುವೆಯ ದಂಡೆಗೆ ಹತ್ತಿಸಿತು. ನಾರಾಯಣಪುರ ಎಡದಂಡೆ ಕಾಲುವೆಯಿಂದ ಕವಲೊಡೆದು ಸಿಂದಗಿ, ಇಂಡಿ ಸೀಮೆಗೆ ಕೃಷ್ಣೆಯ ನೀರು ತರುವ ಇಂಡಿ ಶಾಖಾ ಕಾಲುವೆ. ಪಕ್ಕದಲ್ಲಿ ಇಲಾಖೆಯವರು ತಪಾಸಣೆಗೆಂದು ಮಾಡಿಕೊಂಡ ಗರಸಿನ ದಾರಿ. ಸೈಕಲ್ಲಿನವನಿಗೆ ಇದಕ್ಕಿಂತ ಒಳ್ಳೆಯ ದಾರಿ ಈ ಜಿಲ್ಲೆಯಲ್ಲಿಲ್ಲ. ಹೆದ್ದಾರಿ ನೇರ ಹೋಗುವ ಹಟದಲ್ಲಿ ದಿಬ್ಬ ಹತ್ತುತ್ತದೆ, ಹಳ್ಳಕ್ಕೆ ಇಳಿಯುತ್ತದೆ. ಕಾಲುವೆಗೆ ಏರು ಹತ್ತುವ ವಿದ್ಯೆ ಗೊತ್ತಿಲ್ಲ. ನೀರು ಹರಿಯಲು ಬೇಕಾದಷ್ಟೇ ಇಳಿಜಾರು ಇಟ್ಟುಕೊಂಡು, ನೆಲದ ಮಟ್ಟ ಹಿಡಿದು, ದಿಬ್ಬ ಬಂದಲ್ಲಿ ಬಳಸಿಕೊಂಡು ಹೋಗುತ್ತದೆ. ನಮ್ಮ ಕಡೆಯ ನೆಲ ಬರೀ ಬಯಲು ಎಂದು ಹೇಳುವವರು ಕಾಲುವೆಯ ಜೊತೆ ಒಂದು ಹೊತ್ತು ಸೈಕಲ್ ತುಳಿಯಬೇಕು. ಎಷ್ಟು ಬಾಗು, ಎಷ್ಟು ಬಳುಕು ಈ ನೆಲಕ್ಕಿದೆ ಎಂಬುದು ಮೊಣಕಾಲಿಗೆ ತಿಳಿಯುತ್ತದೆ. ಎಚ್ಚರವೂ ಬೇಕು. ದಂಡೆಗೆ ತಡೆಗೋಡೆಯಿಲ್ಲ, ನೀರು ತುಂಬಿ ಹರಿಯುವಾಗ ಸಿಮೆಂಟಿನ ಮಗ್ಗುಲು ಪಾಚಿಗಟ್ಟಿ ಜಾರುತ್ತದೆ. ಸಂಜೆಗತ್ತಲಲ್ಲಿ ಆ ದಾರಿಗೆ ಹೋಗಬಾರದು.

ಸಿಂದಗಿಯಿಂದ ದಕ್ಷಿಣಕ್ಕೆ ತಿರುಗಿದರೆ ಗೋಲಗೇರಿ. ಕುರಿಯ ಹಿಕ್ಕೆಯನ್ನೇ ಲಿಂಗವೆಂದು ಪೂಜಿಸಿದ ಕುರುಬ ಗೊಲ್ಲಾಳನ ಕ್ಷೇತ್ರ. ಕುರಿ ಹಿಂಡುಗಳು ಇಂದಿಗೂ ಆ ದಾರಿ ತುಂಬ ಬರುತ್ತವೆ. ಹಿಂಡು ಎದುರಾದಾಗ ಬಸ್ಸು ಹಾರ್ನ್ ಹೊಡೆಯುತ್ತದೆ. ಸೈಕಲ್ಲಿನವನು ಇಳಿದು ನಿಂತರೆ ಹಿಂಡು ಎರಡು ಸೀಳಾಗಿ ಹರಿದು, ಹಿಂದೆ ಮತ್ತೆ ಕೂಡಿಕೊಂಡು ಹೋಗುತ್ತದೆ.

ಸಿಂದಗಿ ರಸ್ತೆಯ ದೇವರ ಹಿಪ್ಪರಗಿ ಶರಣ ಮಡಿವಾಳ ಮಾಚಿದೇವರ ಊರು. ಅಲ್ಲಿಂದ ತಾಳಿಕೋಟೆಯ ಕಡೆ ಹೋದಂತೆ ಡೋಣಿ ನದಿಯ ಬಯಲು ತೆರೆದುಕೊಳ್ಳುತ್ತದೆ. ಡೋಣಿ ಬೆಳೆದರೆ ಓಣಿಯೆಲ್ಲಾ ಜೋಳ ಎಂಬ ಗಾದೆಯ ನೆಲ. ನೀರು ಉಪ್ಪು, ಮಣ್ಣು ಬಂಗಾರ. ಈ ಮಣ್ಣಿನ ಬಗ್ಗೆ ಸೈಕಲ್ಲಿನವರಿಗೆ ಒಂದೇ ಮಾತು ಹೇಳಬೇಕು: ಮಳೆ ಬಿದ್ದರೆ ಬರಬೇಡಿ. ಒಂದು ಅಡ್ಡ ಮಳೆ ಸಾಕು, ಎರಿ ಮಣ್ಣು ಗಾಲಿಗೆ ಮೆತ್ತಿ, ಬ್ರೇಕಿಗೆ ತುಂಬಿ, ನಾಲ್ಕು ಮಾರಿಗೊಮ್ಮೆ ಕಡ್ಡಿಯಿಂದ ಕೆರೆಯಬೇಕು. ಕೊನೆಗೆ ಸೈಕಲ್ ನಮ್ಮನ್ನು ಹೊರುವ ಬದಲು ನಾವೇ ಅದನ್ನು ಹೊರುತ್ತೇವೆ. ಬೇಸಿಗೆಯಲ್ಲಿ ಅದೇ ನೆಲ ಕಾಲು ಹೋಗುವಷ್ಟು ಬಿರಿಯುತ್ತದೆ. ಹಿಂಗಾರಿ ಬೆಳೆ ನಿಂತಿರುವ ಪುಷ್ಯ, ಮಾಘದ ದಿನಗಳೇ ಹದ.

ಒಣ ದಿನಗಳಲ್ಲಿ ಕಾಟ ಮುಳ್ಳಿನದು. ಬಳ್ಳಾರಿ ಜಾಲಿ ಬದುಗಳನ್ನೆಲ್ಲ ಆಕ್ರಮಿಸಿದೆ. ತಾಳಿಕೋಟೆಯ ಹೊರಗಿನ ಒಂದು ಕ್ರಾಸಿನಲ್ಲಿ ಪಂಚರ್ ಅಂಗಡಿಯ ಕಾಕಾ ಸಿಕ್ಕರು. ಈಗೆಲ್ಲ ಬೈಕಿನ ಕೆಲಸವೇ, ಸೈಕಲ್ ಬರುವುದು ಅಪರೂಪ ಎನ್ನುತ್ತಲೇ ಟ್ಯೂಬ್ ಹೊರಗೆಳೆದರು. ನೀರಿನ ಬೋಗುಣಿಯಲ್ಲಿ ಅದ್ದಿ ಗುಳ್ಳೆ ನೋಡಿ, ತೂತಿಗೆ ಕಾಪಿ ಪೆನ್ಸಿಲ್ಲಿನ ಗುರುತು ಹಾಕಿದರು. ನಾನು ತೇಪೆ ಹಚ್ಚುವುದನ್ನು ಕಾಯುತ್ತಿದ್ದೆ. ಅವರು ಟ್ಯೂಬ್ ಬದಿಗಿಟ್ಟು, ಟೈರಿನ ಒಳಮಗ್ಗುಲಲ್ಲಿ ಬೆರಳಾಡಿಸುತ್ತ ಪೂರಾ ಒಂದು ಸುತ್ತು ಬಂದರು. ಬೆರಳು ಒಂದು ಕಡೆ ನಿಂತಿತು. ಇಕ್ಕಳದಿಂದ ಎಳೆದಾಗ ಅಕ್ಕಿಕಾಳಿನಷ್ಟು ಮುಳ್ಳಿನ ತುದಿ ಬಂತು.

“ಮುಳ್ಳ ತಗೀಲಾರದ ತ್ಯಾಪಿ ಹಚ್ಚಿದ್ರ ಏನ್ ಬಂತ್ರಿ? ಮುಂದಿನ ಕ್ರಾಸಿನ್ಯಾಗ ಮತ್ತ ಕುಂದರತೀರಿ.”

ತಾಳಿಕೋಟೆಯಿಂದ ಮುದ್ದೇಬಿಹಾಳಕ್ಕೆ ಬಸ್ಸಿನಲ್ಲಿ ಒಂದು ಸಣ್ಣ ನಿದ್ದೆ. ಅಲ್ಲಿಂದ ಕೃಷ್ಣೆಯ ದಂಡೆಗೆ ಸೈಕಲ್. 1565ರ ಜನವರಿಯ ಯುದ್ಧಕ್ಕೆ ತಾಳಿಕೋಟೆಯ ಹೆಸರು ಅಂಟಿಕೊಂಡಿದೆ; ಆದರೆ ಸುಲ್ತಾನರ ಸೇನೆಗಳು ತಾಳಿಕೋಟೆಯಲ್ಲಿ ಕೂಡಿ, ಅಲ್ಲಿಂದ ನದಿಯ ಕಡೆಗೆ ಬಂದವು. ಯುದ್ಧದ ಇನ್ನೊಂದು ಹೆಸರಿನಲ್ಲಿರುವ ರಕ್ಕಸಗಿ, ತಂಗಡಗಿ ಈ ದಂಡೆಯ ಊರುಗಳು. ಪುಸ್ತಕದಲ್ಲಿ ಇದು ಒಂದು ಸಾಲಿನ ತಿದ್ದುಪಡಿ. ಅರ್ಧ ದಾರಿ ಬಸ್ಸಿನಲ್ಲಿ, ಅರ್ಧ ದಾರಿ ಕಾಲುಬಲದಲ್ಲಿ ಹೋದಾಗ ಆನೆ, ತೋಪು, ಸಾವಿರಾರು ಕಾಲಾಳು ಈ ಎರಿ ಹೊಲಗಳನ್ನು ದಾಟಿದ್ದು ಎಷ್ಟು ದೊಡ್ಡ ಕೆಲಸವೆಂದು ತೊಡೆಯ ನೋವಿನಲ್ಲಿ ಅರ್ಥವಾಗುತ್ತದೆ.

ತಂಗಡಗಿ ನೀಲಮ್ಮನ ಊರು ಕೂಡ. ಕಲ್ಯಾಣದ ಕ್ರಾಂತಿಯ ನಂತರ ಬಸವಣ್ಣನವರ ಪತ್ನಿ ನೀಲಾಂಬಿಕೆ ಐಕ್ಯಳಾದದ್ದು ಇಲ್ಲಿ ಎಂಬುದು ಜನರ ನಂಬಿಕೆ. ಹೊಳೆಯಾಚೆ ಕೂಡಲಸಂಗಮದ ಸೀಮೆ. ಬಾಗೇವಾಡಿಯಲ್ಲಿ ಹುಟ್ಟಿ, ಸಂಗಮದಲ್ಲಿ ಓದಿ, ಮಂಗಳವೇಡೆಯಲ್ಲಿ ಕೆಲಸಕ್ಕೆ ಸೇರಿ, ಕಲ್ಯಾಣದಲ್ಲಿ ಮಂತ್ರಿಯಾಗಿ, ಮರಳಿ ಸಂಗಮಕ್ಕೆ ಬಂದವರ ಬದುಕು ಇಡಿಯಾಗಿ ಈ ನೆಲದ ನಡಿಗೆಯಲ್ಲಿತ್ತು. ಇವತ್ತಿಗೂ ಇಲ್ಲಿನ ಜನಕ್ಕೆ ನಡೆಯುವುದು ಹೊಸದಲ್ಲ. ಯುಗಾದಿಯ ಹೊತ್ತಿಗೆ ಶ್ರೀಶೈಲಕ್ಕೆ ಪಾದಯಾತ್ರೆಯ ಸಾಲು. ಆಷಾಢ, ಕಾರ್ತಿಕಕ್ಕೆ ಇಂಡಿ ಕಡೆಯಿಂದ ಪಂಢರಪುರಕ್ಕೆ ದಿಂಡಿ. ಆಗ ಕ್ರಾಸುಗಳೇ ದಾಸೋಹದ ಮನೆಗಳಾಗುತ್ತವೆ. ಬಿಸಿಲಲ್ಲಿ ಹೋಗುವ ಅಪರಿಚಿತರಿಗೆ ನೀರು ಕೊಟ್ಟು ಕೂರಿಸುವುದು ಈ ರಸ್ತೆಗಳಿಗೆ ರೂಢಿಯಾಗಿಬಿಟ್ಟಿದೆ. ಸೈಕಲ್ಲಿನವನಿಗೆ ಸಿಗುವ ಉಪಚಾರವೂ ಅದರದೇ ಒಂದು ಪಾಲು.

ಆಲಮಟ್ಟಿ, ನಿಡಗುಂದಿ, ಕೊಲ್ಹಾರದ ಸುತ್ತ ತಿರುಗುವಾಗ ದಾರಿಗಳ ವಯಸ್ಸು ಬೇರೆ ಎಂದು ಗೊತ್ತಾಗುತ್ತದೆ. ಆಲಮಟ್ಟಿ ಅಣೆಕಟ್ಟಿಗೆ 1964ರ ಮೇ ತಿಂಗಳಲ್ಲಿ ಶಂಕುಸ್ಥಾಪನೆ ಮಾಡಿದವರು ಆಗಿನ್ನೂ ಪ್ರಧಾನಿಯಾಗಿರದ ಲಾಲ್ ಬಹದ್ದೂರ್ ಶಾಸ್ತ್ರಿ. ಉದ್ಘಾಟನೆಗೆ 2006ರಲ್ಲಿ ಬಂದವರು ರಾಷ್ಟ್ರಪತಿ ಅಬ್ದುಲ್ ಕಲಾಂ. ನಡುವಿನ ನಲವತ್ತೆರಡು ವರ್ಷಗಳಲ್ಲಿ ನೀರು 519.6 ಮೀಟರ್ ಮಟ್ಟದ ಲೆಕ್ಕಕ್ಕೆ ಬಂತು, ಊರುಗಳು ಮೇಲಕ್ಕೆ ಸರಿದವು. ಹಳೆಯ ಕೊಲ್ಹಾರ ಮುಳುಗಿ ಹೊಸ ಕೊಲ್ಹಾರವಾಯಿತು. ಇಲ್ಲಿನ ಕೆಲವು ಹಳೆಯ ದಾರಿಗಳಲ್ಲಿ ಸೈಕಲ್ ಬಿಟ್ಟರೆ ಅವು ಎರಡೂ ಕಡೆಯ ಜಾಲಿಯ ನಡುವೆ ಇಳಿದಿಳಿದು ನೀರಿನೊಳಗೆ ಹೋಗಿಬಿಡುತ್ತವೆ. ಡಾಂಬರಿನ ಅಂಚು ನೀರಿನ ಕೆಳಗೂ ಸ್ವಲ್ಪ ದೂರ ಕಾಣುತ್ತದೆ.

ಊರು ಸರಿದರೂ ಕೊಲ್ಹಾರದ ಮೊಸರು ಕೆಟ್ಟಿಲ್ಲ. ಬಸ್ಸು ನಿಂತೊಡನೆ ಮಣ್ಣಿನ ಗಡಿಗೆಗಳನ್ನು ಹಿಡಿದವರು ಕಿಟಕಿಗೆ ಬರುತ್ತಾರೆ. ಗಡಿಗೆ ಬೋರಲು ಮಾಡಿ ಬೀಳುವುದಿಲ್ಲ ನೋಡ್ರಿ ಎಂದು ತೋರಿಸುತ್ತಾರೆ. ಯಲಗೂರ ಹಣಮಪ್ಪನ ದರ್ಶನ ಮುಗಿಸಿ ಬಂದವರು ಒಂದೆರಡು ಗಡಿಗೆ ಕಟ್ಟಿಸಿಕೊಂಡೇ ಹೋಗುವುದು. ಸೈಕಲ್ಲಿನ ಹ್ಯಾಂಡಲ್ಲಿಗೆ ಮೊಸರಿನ ಗಡಿಗೆ ಕಟ್ಟಿಕೊಂಡು ಗರಸಿನ ದಾರಿಯಲ್ಲಿ ಹೋಗುವುದನ್ನು ಮಾತ್ರ ಯಾರಿಗೂ ಹೇಳಿಕೊಡಲಾರೆ. ಕೂತಲ್ಲೇ ತಿಂದು ಗಡಿಗೆ ಖಾಲಿ ಮಾಡುವುದು ಲೇಸು.

ಬಾಗೇವಾಡಿಯಲ್ಲಿ ಬಸವಣ್ಣನವರ ಗುಡಿ, ಸ್ಮಾರಕ ನೋಡಲು ಬಸ್ಸೇ ಸಾಕು. ಇಂಗಳೇಶ್ವರಕ್ಕೆ ಸೈಕಲ್ ಇರಬೇಕು. ಬಸವಣ್ಣನವರ ತಾಯಿ ಮಾದಲಾಂಬಿಕೆಯ ತವರೆಂದು ಹೇಳುವ ಊರದು. ಅಲ್ಲಿಯ ವಿರಕ್ತಮಠದ ವಚನ ಶಿಲಾಮಂಟಪದಲ್ಲಿ ವಚನಗಳನ್ನು ಕಲ್ಲಿನಲ್ಲಿ ಕೊರೆಸಿ ನಿಲ್ಲಿಸಿದ್ದಾರೆ. ದಾರಿಯ ಎರಡೂ ಬದಿಗೆ ಮುಳವಾಡ ಏತ ನೀರಾವರಿಯ ಗುರುತು ಕಾಣುತ್ತದೆ. ಕಾಲುವೆ ಮುಟ್ಟಿದ ಕಡೆ ಕಬ್ಬು, ಮುಟ್ಟದ ಕಡೆ ಜೋಳ, ತೊಗರಿ. ಗಡಿ ಬದುವಿನಷ್ಟು ಸ್ಪಷ್ಟ.

ಬಾಗೇವಾಡಿಯಿಂದ ಹೊರಬೀಳುವ ಒಂದು ರಸ್ತೆಯ ಕ್ರಾಸಿನಲ್ಲಿ ನಾನು ಹೊರಡುವ ಹೊತ್ತಿಗೆ ಶಾಲೆಯ ವೇಳೆಯಾಗಿತ್ತು. ತೋಟದ ಮನೆಗಳಿಂದ ಹುಡುಗಿಯರು ಸೈಕಲ್ ಮೇಲೆ ಬಂದರು, ಒಂದೊಂದರ ಮೇಲೆ ಇಬ್ಬರು. ಹೋಟೆಲಿನ ಹಿಂದಿನ ಗೋಡೆಗೆ ಸೈಕಲ್ ಆನಿಸಿದರು. ಬೀಗವಿಲ್ಲ, ಚೀಟಿಯಿಲ್ಲ, ಬಾಡಿಗೆಯಿಲ್ಲ. ಹೋಟೆಲಿನಾಕೆ ಭಜಿ ಕರಿಯುತ್ತ ಕೂತಲ್ಲಿಂದಲೇ ತಲೆ ಎತ್ತಿ ಎಣಿಸಿದರು. ಬಸ್ಸು ಬಂತು, ಹುಡುಗಿಯರು ಹತ್ತಿದರು. ಸೈಕಲ್ಲುಗಳು ಸಂಜೆಯ ತನಕ ಆ ಗೋಡೆಗೇ. ಬಸ್ಸಿಗೆ ಸೈಕಲ್ ಜೋಡಿಸುವ ವಿದ್ಯೆಯನ್ನು ನಾನೇನೋ ಕಂಡುಹಿಡಿದಿದ್ದೇನೆ ಎಂದುಕೊಂಡಿದ್ದರೆ ಆ ಜಂಬ ಇಳಿದದ್ದು ಅಲ್ಲಿ. ನನಗೆ ಅದು ತಿರುಗಾಟ. ಅವರಿಗೆ ದಿನದ ಕೆಲಸ.

ಕರ್ನಾಟಕ ಸರ್ಕಾರ 2006–07ರಲ್ಲಿ ಎಂಟನೇ ತರಗತಿಯ ಮಕ್ಕಳಿಗೆ ಸೈಕಲ್ ಕೊಡಲು ಶುರು ಮಾಡಿತು. ಕೊರೊನಾ ಕಾಲದಲ್ಲಿ ಹಂಚಿಕೆ ನಿಂತಿತು. ಆ ಗೋಡೆಗೆ ಆನಿಸಿದ್ದವುಗಳಲ್ಲಿ ಕೆಲವು ಅಕ್ಕನಿಂದ ತಂಗಿಗೆ, ತಂಗಿಯಿಂದ ಕಾಕಾನ ಮಗಳಿಗೆ ಇಳಿದು ಬಂದ, ಹಂಚಿಕೆಯ ಕಾಲದ ಸೈಕಲ್ಲುಗಳೇ. ಬಣ್ಣ ಹೋಗಿ ಕಬ್ಬಿಣ ಉಳಿದಿದೆ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಬಸ್ಸು ಪುಕ್ಕಟೆಯಾಯಿತು. ಅದು ದೊಡ್ಡ ಮಾತು. ಮೆಣಸಿನಕಾಯಿ ಚೀಲದ ಆಯಿಯನ್ನು ಕೇಳಿದರೆ ಗೊತ್ತಾಗುತ್ತದೆ. ಆದರೆ ಬಸ್ಸಿನ ಉಪಕಾರ ಕ್ರಾಸಿನಲ್ಲಿ ಮುಗಿಯುತ್ತದೆ, ಸೈಕಲ್ಲಿನ ಉಪಕಾರ ಅಲ್ಲಿಂದ ಶುರುವಾಗುತ್ತದೆ. ಎರಡೂ ಒಂದೇ ಕಾಲಕ್ಕೆ ಕೈಗೆ ಬರದ ಹುಡುಗಿಗೆ ಹೈಸ್ಕೂಲು ಹತ್ತಿರವಾಗಿದೆ, ಮನೆ ದೂರವೇ ಉಳಿದಿದೆ.

ಆಗಬೇಕಾದ್ದು ಬಹಳ ದೊಡ್ಡದೇನಲ್ಲ. ಎಂಟನೇ ತರಗತಿಗೆ ಮತ್ತೆ ಸೈಕಲ್. ಕ್ರಾಸಿನಲ್ಲಿ ತಂಗುದಾಣದ ಪಕ್ಕ ಒಂದು ತಗಡಿನ ನೆರಳು, ಸರಪಳಿ ಹಾಕಲು ಒಂದು ಕಬ್ಬಿಣದ ಕಂಬಿ, ರಾತ್ರಿ ಉರಿಯುವ ಒಂದು ದೀಪ. ದೀಪಕ್ಕೆ ಸಾಲೋಟಗಿಯವರು ಹನ್ನೆರಡು ನಿವರ್ತನ ಹೊಲವನ್ನೇ ಬಿಟ್ಟಿದ್ದರು. ಪಂಚಾಯಿತಿಗೆ ಒಂದು ಬಲ್ಬು ಭಾರವಾಗಲಾರದು. ಹೊಸ ಬಸ್ಸುಗಳ ಹಿಂದೆ ಎರಡು ಸೈಕಲ್ ಹಿಡಿಸುವ ಚೌಕಟ್ಟು ಬಂದರೆ ಇನ್ನೂ ಒಳ್ಳೆಯದು. ತರಕಾರಿ ಮಾರುವವರಿಗೆ, ಕೂಲಿಗೆ ಹೋಗುವವರಿಗೆ ಅನುಕೂಲ. ಸರದಿಯಲ್ಲಿ ತಿರುಗಾಟದವರು ಕೊನೆಗೆ ನಿಲ್ಲಲಿ. ನಮಗೆ ಸದ್ಯಕ್ಕೆ ಒಂದು ಹಗ್ಗ, ಗಂಟು ಹಾಕಬಲ್ಲ ಒಬ್ಬ ಹಮಾಲ ಇದ್ದರೆ ನಡೆಯುತ್ತದೆ.